ಪೊರಕೆಯ ಹಿಡಿ ಎಷ್ಟು ಉದ್ದವಿರಬೇಕು? ನಗರ ಸ್ಥಳೀಯ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಪೌರಾಡಳಿತದ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಿಗೆ, ರಾಜ್ಯದ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಆಯುಕ್ತರಿಗೆ ಮತ್ತು ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ಪತ್ರದ ವಿಷಯ ಪೊರಕೆ. ಕರಾವಳಿಯವರು ಹಿಡಿಸೂಡಿ ಎನ್ನುವ, ಉತ್ತರ ಕರ್ನಾಟಕದವರು ಕಸಬರಿಗೆ ಎನ್ನುವ ಆ ಸಾಮಾನಿನ ಬಗ್ಗೆ ಬಹಿರಂಗ ಪತ್ರ ಬರೆಯುವಂಥದ್ದು ಏನಿದೆ ಎಂದು ತಮಗೆ ಅನಿಸಿದರೆ ತಪ್ಪಿಲ್ಲ. ಪಾಲಿಟೆಕ್ನಿಕ್ ಒಂದರಲ್ಲಿ ಯಂತ್ರಶಾಸ್ತ್ರ ಕಲಿಸುತ್ತಿದ್ದ ನನಗೂ ನಿವೃತ್ತಿಯಾಗುವವರೆಗೆ ಹಾಗೆಯೇ ಅನಿಸಿತ್ತು. ಕೆಲಸವನ್ನು ಮನುಷ್ಯನ ಮೈಗೆ ಹೊಂದಿಸುವ ಶಾಸ್ತ್ರವನ್ನು ಅರ್ಗೊನಾಮಿಕ್ಸ್ ಎನ್ನುತ್ತಾರೆ. ಅದನ್ನು ನಾನು ತರಗತಿಯಲ್ಲಿ ಕಲಿಸುತ್ತಿದ್ದುದು ಲೇತ್ ಯಂತ್ರದ ಹಿಡಿಕೆ, ಕ್ರೇನ್ ಚಾಲಕನ ಆಸನ, ಕಂಪ್ಯೂಟರ್ ಮೇಜುಗಳ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದು. ನಮ್ಮ ಬೀದಿಯನ್ನು ದಿನವೂ ಗುಡಿಸುವ ಹೆಂಗಸಿನ ಕೈಯಲ್ಲಿರುವುದಕ್ಕೂ ಅದೇ ಲೆಕ್ಕಗಳು ಅನ್ವಯಿಸುತ್ತವೆ ಎಂಬುದು ನನಗೆ ಹೊಳೆದದ್ದು, ಬೆಳಗಿನ ನಡಿಗೆಯಲ್ಲಿ ಅವರೊಡನೆ ಮಾತಿಗೆ ನಿಲ್ಲುವ ಪುರುಸೊತ್ತು ಸಿಕ್ಕ ಮೇಲೆ.

ಆ ಪೊರಕೆಯನ್ನು ತಾವು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ತೆಂಗಿನ ಗರಿಯಿಂದ ಸೀಳಿ ತೆಗೆದ ಕಡ್ಡಿಗಳನ್ನು ಒಟ್ಟು ಸೇರಿಸಿ, ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯನ್ನು ಎಳೆದೆಳೆದು ಬಿಗಿಯಾಗಿ ಸುತ್ತಿರುತ್ತಾರೆ. ಹೊಸದಾಗಿದ್ದಾಗ ಅದು ಹೆಚ್ಚೆಂದರೆ ಸೊಂಟದ ಹತ್ತಿರಕ್ಕೆ ಬರುತ್ತದೆ. ಡಾಂಬರಿಗೂ ಸಿಮೆಂಟಿಗೂ ಉಜ್ಜಿ ಉಜ್ಜಿ ಕಡ್ಡಿ ಸವೆಯುತ್ತ ಹೋದಂತೆ ಪೊರಕೆ ಗಿಡ್ಡವಾಗುತ್ತದೆ, ಪೊರಕೆ ಗಿಡ್ಡವಾದಷ್ಟೂ ಅದನ್ನು ಹಿಡಿದವರ ಬೆನ್ನು ಇನ್ನಷ್ಟು ಬಾಗುತ್ತದೆ. ಹೊಸ ಪೊರಕೆ ಕೊಡುವ ದಿನ ಮುಂದೆ ಹೋದರೆ ಬೆನ್ನು ಅಷ್ಟೂ ದಿನ ಆ ವ್ಯತ್ಯಾಸವನ್ನು ಭರಿಸುತ್ತದೆ. ಗುಡ್ಡೆ ಮಾಡಿದ ಕಸವನ್ನು ಗಾಡಿಗೆ ತುಂಬಲು ಅವರ ಬಳಿ ಇರುವುದು ಎರಡು ರಟ್ಟಿನ ಚೂರು, ಇಲ್ಲವೇ ಮಡಚಿದ ಫ್ಲೆಕ್ಸ್ ಬ್ಯಾನರಿನ ತುಂಡು. ನಾನು ನೋಡಿದ ಒಂದು ತುಂಡಿನಲ್ಲಿ ಮುಗಿದ ಎರಡು ಕೈಗಳು ಮಾತ್ರ ಉಳಿದಿದ್ದವು. ಯಾವ ಹಬ್ಬಕ್ಕೆ ಶುಭ ಕೋರಿದ ಯಾರ ಕೈಗಳೋ ತಿಳಿಯಲಿಲ್ಲ. ಆ ತುಂಡಿನಲ್ಲಿ ಒಂದು ಗುಡ್ಡೆ ಎತ್ತಲು ಆಕೆ ನಾಲ್ಕೈದು ಸಲ ಪೂರ್ತಿ ಬಾಗಿ ಏಳುತ್ತಿದ್ದರು. ಅಂಥ ಎಷ್ಟು ಗುಡ್ಡೆಗಳು ಒಂದು ಬೀದಿಗೆ, ಅಂಥ ಎಷ್ಟು ಬೀದಿಗಳು ಒಬ್ಬರ ಪಾಲಿಗೆ ಎಂಬ ಲೆಕ್ಕ ತಮ್ಮ ಆರೋಗ್ಯ ನಿರೀಕ್ಷಕರ ಪುಸ್ತಕದಲ್ಲೇ ಇರುತ್ತದೆ.

ಬಾಗಿದ ಬೆನ್ನಿನೊಳಗೆ ಏನು ನಡೆಯುತ್ತದೆ ಎಂಬುದು ಸನ್ನೆಕೋಲಿನ ಲೆಕ್ಕ, ಹೈಸ್ಕೂಲಿನ ಮಕ್ಕಳೂ ಮಾಡಬಹುದಾದದ್ದು. 50 ಕೆ.ಜಿ. ತೂಕದ ಒಬ್ಬ ಹೆಂಗಸಿನ ಸೊಂಟದಿಂದ ಮೇಲಿನ ಭಾಗ ಸರಿಸುಮಾರು 25 ಕೆ.ಜಿ. ಇರುತ್ತದೆ ಎಂದಿಟ್ಟುಕೊಳ್ಳಿ. ನಡು ಪೂರ್ತಿ ಬಾಗಿಸಿ ಬೆನ್ನು ನೆಲಕ್ಕೆ ಸಮಾನಾಂತರವಾದಾಗ ಆ ತೂಕ ಸೊಂಟದ ಕೀಲಿನಿಂದ ಸುಮಾರು 25 ಸೆ.ಮೀ. ಮುಂದೆ ಜೋತು ಬೀಳುತ್ತದೆ. ಅದು ಮುಂದಕ್ಕೆ ಮಗುಚದಂತೆ ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳು ಬೆನ್ನೆಲುಬಿಗೆ ತೀರಾ ಹತ್ತಿರ, ಸುಮಾರು 5 ಸೆ.ಮೀ. ಅಂತರದಲ್ಲಿವೆ. ಒಂದು ಕಡೆಯ ತೋಳು 25, ಇನ್ನೊಂದು ಕಡೆಯದು 5 ಎಂದ ಮೇಲೆ ಸ್ನಾಯುಗಳು ಐದು ಪಟ್ಟು, ಅಂದರೆ ಸುಮಾರು 125 ಕೆ.ಜಿ. ತೂಕಕ್ಕೆ ಸಮನಾದ ಬಲದಲ್ಲಿ ಎಳೆಯಬೇಕಾಗುತ್ತದೆ. ಆ ಎಳೆತದ ಒತ್ತಡವನ್ನೆಲ್ಲ ಕೆಳಬೆನ್ನಿನ ಮೂಳೆಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಗಳು ತಾಳಿಕೊಳ್ಳಬೇಕು. ಕೈಯಲ್ಲಿ ಪೊರಕೆ ಇಲ್ಲದಿದ್ದರೂ, ಸುಮ್ಮನೆ ಬಾಗಿ ನಿಂತರೂ ಇದೇ ಲೆಕ್ಕ. "ಪೊರಕೆ ಏನು ಮಹಾ ಭಾರ" ಎನ್ನುವವರು ಮರೆಯುವುದು ಇದನ್ನು.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನೆಲುಬಿನ ಬಿಲ್ಲೆಯೊಳಕ್ಕೇ ಸೂಜಿ ಇಳಿಸಿ ಒತ್ತಡವನ್ನು ಅಳೆದು ನೋಡಿದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದು ಹಿಡಿದರೆ, ಸ್ವಲ್ಪ ಮುಂದಕ್ಕೆ ಬಾಗಿದಾಗ ಅದು 150ಕ್ಕೆ ಏರುತ್ತಿತ್ತು, ಕೈಯಲ್ಲಿ ತೂಕ ಹಿಡಿದು ಬಾಗಿದರೆ 200ನ್ನೂ ದಾಟುತ್ತಿತ್ತು. ಗುಡಿಸುವವರು ಬಾಗಿ ಸುಮ್ಮನೆ ನಿಲ್ಲುವುದೂ ಇಲ್ಲ. ಪ್ರತಿ ಬೀಸಿಗೂ ಸೊಂಟವನ್ನು ಒಂದು ಪಕ್ಕಕ್ಕೆ ತಿರುಚುತ್ತಾರೆ. ಬಾಗುವುದು ಮತ್ತು ತಿರುಚುವುದು ಒಟ್ಟಿಗೆ ಸೇರಿದಾಗ ಬಿಲ್ಲೆಯ ಹೊರಪದರಕ್ಕೆ ಬೀಳುವ ಪೆಟ್ಟು ಬರೀ ಬಾಗುವಾಗಿನದಕ್ಕಿಂತ ಹೆಚ್ಚು.

ಇಷ್ಟಾದರೂ ನಮ್ಮ ಕಚೇರಿಗಳಲ್ಲಿ ಪೌರಕಾರ್ಮಿಕರ ಸೊಂಟನೋವಿಗೆ ಸಿಗುವ ಕಾರಣಗಳು ಬೇರೆ: ವಯಸ್ಸಾಯಿತು, ಸರಿಯಾಗಿ ಉಣ್ಣುವುದಿಲ್ಲ, ಮನೆಯಲ್ಲೂ ದುಡಿಯುತ್ತಾರೆ, ಕೆಲಸ ತಪ್ಪಿಸಿಕೊಳ್ಳಲು ನೆಪ ಹೇಳುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಒಬ್ಬ ಮೇಸ್ತ್ರಿ ನನ್ನೆದುರಿಗೇ ಹೇಳಿದರು. ನಾನು ಇಷ್ಟು ವರ್ಷ ಕಲಿಸಿದ ಶಾಸ್ತ್ರದ ಕೆಲಸ ಇಷ್ಟೇ: ನೆಲ ನಿಜಕ್ಕೂ ಡೊಂಕಾಗಿದೆಯೇ ಎಂದು ಮೊದಲು ಅಳೆದು ನೋಡುವುದು, ಆಮೇಲೆ ಕುಣಿಯುವವರ ಬಗ್ಗೆ ಮಾತಾಡುವುದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಅಳೆಯುವ ಸಂದರ್ಭ ಐವತ್ತು ವರ್ಷಗಳ ಹಿಂದೆ ಬಂದಿತ್ತು. ಅಲ್ಲಿನ ಲೆಟಿಸ್ ಸೊಪ್ಪಿನ ಮತ್ತು ಸಕ್ಕರೆ ಬೀಟ್‌ರೂಟಿನ ಹೊಲಗಳಲ್ಲಿ ಕಳೆ ತೆಗೆದು ಸಸಿ ತೆಳುವು ಮಾಡುವ ಕೂಲಿಗಳಿಗೆ, ಅವರಲ್ಲಿ ಬಹುಪಾಲು ಮೆಕ್ಸಿಕೊ ಮೂಲದವರು, ಒಂದೆರಡು ಅಡಿ ಹಿಡಿಯ ಗುದ್ದಲಿಯನ್ನೇ ಕೊಡುತ್ತಿದ್ದರು. ಕೂಲಿಗಳು ಅದನ್ನು ಸ್ಪ್ಯಾನಿಷ್‌ನಲ್ಲಿ ಎಲ್ ಕೊರ್ತಿತೊ, ಗಿಡ್ಡದ್ದು, ಎಂದು ಕರೆಯುತ್ತಿದ್ದರು. ಉದ್ದ ಹಿಡಿ ಕೊಟ್ಟರೆ ಸಸಿಗೆ ಪೆಟ್ಟಾಗುತ್ತದೆ ಎಂಬುದು ಮಾಲೀಕರ ವಾದ. ಕೂಲಿಗಳಿಗೆ ಗೊತ್ತಿದ್ದ ಇನ್ನೊಂದು ಕಾರಣವೂ ಇತ್ತು: ಹಿಡಿ ಗಿಡ್ಡವಿದ್ದರೆ ಬೆನ್ನು ನೆಟ್ಟಗೆ ಮಾಡಿದವನು ಕೆಲಸ ನಿಲ್ಲಿಸಿದ್ದಾನೆ ಎಂದು ಮೇಲ್ವಿಚಾರಕನಿಗೆ ದೂರದಿಂದಲೇ ಕಾಣುತ್ತದೆ. ಅಸುರಕ್ಷಿತ ಕೈಸಾಮಾನು ಬಳಸಕೂಡದು ಎಂಬ ನಿಯಮ ಆ ರಾಜ್ಯದಲ್ಲಿ ಆಗಲೇ ಇತ್ತು. ಅದನ್ನು ಮುಂದಿಟ್ಟು ಕೂಲಿಗಳು ಅರ್ಜಿ ಹಾಕಿದಾಗ ಕೈಗಾರಿಕಾ ಸುರಕ್ಷತಾ ವಿಭಾಗ ಅದನ್ನು ತಿರಸ್ಕರಿಸಿತು. ಮುರಿದ, ಕೆಟ್ಟ ಸಾಮಾನಿಗಷ್ಟೇ ಆ ನಿಯಮ ಅನ್ವಯಿಸುತ್ತದೆ, ಗುದ್ದಲಿಯಲ್ಲಿ ದೋಷವೇನೂ ಇಲ್ಲ ಎಂಬುದು ಅದರ ನಿಲುವು. 1975ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ನಿಲುವನ್ನು ತಳ್ಳಿಹಾಕಿತು. ಸಾಮಾನು ಗಟ್ಟಿಮುಟ್ಟಾಗಿದ್ದರೂ ಅದನ್ನು ಹೇಗೆ ಬಳಸಬೇಕಾಗುತ್ತದೆಯೋ ಆ ಬಳಕೆಯೇ ಮೈಗೆ ಹಾನಿ ಮಾಡುವುದಾದರೆ ಅದನ್ನೂ ಅಸುರಕ್ಷಿತವೆಂದು ಪರಿಗಣಿಸಬೇಕು ಎಂಬುದು ತೀರ್ಪಿನ ತಿರುಳು. ಅದೇ ವರ್ಷ ಗಿಡ್ಡ ಗುದ್ದಲಿ ನಿಷೇಧವಾಯಿತು. ಉದ್ದ ಹಿಡಿಯ ಗುದ್ದಲಿಯಲ್ಲಿ ಲೆಟಿಸ್ ಇಂದಿಗೂ ಬೆಳೆಯುತ್ತಿದೆ.

ನಮ್ಮಲ್ಲೂ ನಿಯಮವಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ವಚ್ಛತಾ ಕೆಲಸಗಾರರಿಗೆ ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ಮಳೆಯಂಗಿ, ತಕ್ಕ ಪಾದರಕ್ಷೆ ಮತ್ತು ಮುಖಗವಸು ಒದಗಿಸಬೇಕೆಂದು ಹೇಳಿದವು. ಪಟ್ಟಿಯನ್ನು ಗಮನಿಸಿ: ಎಲ್ಲವೂ ಮೈಮೇಲೆ ತೊಡುವಂಥವು. ಎಂಟು ಗಂಟೆ ಕೈಯಲ್ಲಿ ಹಿಡಿಯುವುದರ ಬಗ್ಗೆ, ಅದರ ಉದ್ದ, ತೂಕ, ಹಿಡಿಯ ದಪ್ಪದ ಬಗ್ಗೆ ಯೋಚಿಸುವುದು ಸ್ಥಳೀಯ ಸಂಸ್ಥೆಗೆ ಬಿಟ್ಟದ್ದು; ಸ್ಥಳೀಯ ಸಂಸ್ಥೆ ಅದನ್ನು ಗುತ್ತಿಗೆದಾರನಿಗೆ ಬಿಡುತ್ತದೆ, ಗುತ್ತಿಗೆದಾರ ಕೆಲಸಗಾರರಿಗೇ ಬಿಡುತ್ತಾನೆ. ನಾನು ಮಾತಾಡಿಸಿದ ಹಲವರು ಕಡ್ಡಿಯನ್ನು ತಮ್ಮ ದುಡ್ಡಿನಲ್ಲೇ ಕೊಂಡು ಕಟ್ಟಿಕೊಂಡಿದ್ದರು.

ಕೆಲಸದ ಸಾಮಾನನ್ನು ಕೆಲಸಗಾರ ಮನೆಯಿಂದ ತರುವ ಪದ್ಧತಿ ಒಂದು ಕಾಲಕ್ಕೆ ದೊಡ್ಡ ಕಾರ್ಖಾನೆಗಳಲ್ಲೂ ಇತ್ತು. ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ಅದಿರು, ಕಲ್ಲಿದ್ದಲನ್ನು ಎತ್ತಿ ಹಾಕುವ ಆಳುಗಳು ತಂತಮ್ಮ ಸಲಿಕೆ ತರುತ್ತಿದ್ದರು. 19ನೇ ಶತಮಾನದ ಕೊನೆಯಲ್ಲಿ ಎಂಜಿನಿಯರ್ ಫ್ರೆಡರಿಕ್ ಟೇಲರ್ ಅಲ್ಲಿ ಗಮನಿಸಿದ್ದು, ಒಂದೇ ಸಲಿಕೆ ಹಗುರವಾದ ಕಲ್ಲಿದ್ದಲ ಪುಡಿಯನ್ನು ಎತ್ತುವಾಗ ಬರೀ ಮೂರೂವರೆ ಪೌಂಡ್ ಹೊರುತ್ತದೆ, ಅದಿರು ಎತ್ತುವಾಗ 38 ಪೌಂಡ್ ಹೊರುತ್ತದೆ ಎಂಬುದನ್ನು. ಹಲವು ತೂಕಗಳನ್ನು ಪರೀಕ್ಷಿಸಿ, ಒಂದು ಸಲಿಕೆಗೆ ಸುಮಾರು 21 ಪೌಂಡ್, ಅಂದರೆ ಒಂಬತ್ತೂವರೆ ಕೆ.ಜಿ. ಬಂದರೆ ದಿನವಿಡೀ ಹೆಚ್ಚು ಕೆಲಸ ಸಾಗುತ್ತದೆ ಎಂದು ಕಂಡುಕೊಂಡ ಮೇಲೆ, ಕಂಪನಿಯೇ ಒಂದು ಸಾಮಾನು ಕೋಣೆ ತೆರೆದು, ಹಗುರ ಸರಕಿಗೆ ಅಗಲದ ಸಲಿಕೆ, ಭಾರದ ಸರಕಿಗೆ ಚಿಕ್ಕ ಸಲಿಕೆ ಎಂದು ಹಲವು ಬಗೆಯ ಸಲಿಕೆಗಳನ್ನು ಇಟ್ಟಿತು. ಟೇಲರ್ ಆಳುಗಳ ಮೇಲಿನ ಮರುಕದಿಂದ ಇದನ್ನು ಮಾಡಲಿಲ್ಲ, ಉತ್ಪಾದನೆಗಾಗಿ ಮಾಡಿದ. ಅವನ ಹಲವು ಮಾತುಗಳನ್ನು ನಾನು ತರಗತಿಯಲ್ಲಿ ಮುಜುಗರದಿಂದಲೇ ಓದಿ ಹೇಳುತ್ತಿದ್ದೆ. ಆದರೆ ಬರೀ ಲಾಭ ನೋಡುವ ಕಣ್ಣಿಗೂ ಸಾಮಾನು ಒದಗಿಸುವುದು ಮಾಲೀಕನ ಕೆಲಸ ಎಂದು ಕಂಡಿತ್ತು ಎಂಬುದನ್ನು ಗಮನಿಸಬೇಕು.

ಇನ್ನು ಉದ್ದ ಹಿಡಿಯ ಪೊರಕೆ ಕೊಟ್ಟುಬಿಟ್ಟರೆ ಮುಗಿಯಿತಲ್ಲ ಎಂದು ತಾವು ಕೇಳಬಹುದು. ನಾನು ಕಂಡ ಒಂದು ಊರಿನಲ್ಲಿ ಕೊಟ್ಟಿದ್ದರು; ಊರಿನ ಹೆಸರು ಇಲ್ಲಿ ಬೇಡ, ಯಾವ ಊರಿನಲ್ಲಾದರೂ ಹೀಗೇ ಆಗಬಹುದಿತ್ತು. ಅಲ್ಯೂಮಿನಿಯಂ ಕೊಳವೆಯ ತುದಿಗೆ ತಿರುಪಿನಿಂದ ಕೂರಿಸಿದ ಬೀಸಣಿಗೆಯಾಕಾರದ ಪ್ಲಾಸ್ಟಿಕ್ ಬ್ರಷ್. ನಾನು ನೋಡುವ ಹೊತ್ತಿಗೆ ಅವು ಉಗ್ರಾಣದ ಮೂಲೆಯಲ್ಲಿ ಬ್ಲೀಚಿಂಗ್ ಪುಡಿಯ ಚೀಲಗಳ ಹಿಂದೆ ಒರಗಿಕೊಂಡಿದ್ದವು. "ಎಷ್ಟು ಹೇಳಿದರೂ ಅಷ್ಟೇ ಸಾರ್, ಅವರಿಗೆ ಬಗ್ಗಿ ಗುಡಿಸಿಯೇ ಅಭ್ಯಾಸ" ಎಂದು ಉಗ್ರಾಣದವರು ಬೇಸರಪಟ್ಟುಕೊಂಡರು. ನಾನು ಒಂದನ್ನು ಕೇಳಿ ಪಡೆದು, ಮರುದಿನ ಬೆಳಿಗ್ಗೆ ಹೊಂಗೆ ಮರಗಳ ಸಾಲಿನ ಕೆಳಗೆ ಐವತ್ತು ಅಡಿ ಗುಡಿಸಿ ನೋಡಿದೆ. ರಾತ್ರಿ ಮಳೆಯಾಗಿತ್ತು. ಡಾಂಬರಿಗೆ ಅಂಟಿ ಕೂತ ಹೊಂಗೆಯ ಎಲೆ, ಹೂವಿನ ಮೇಲೆ ಮೆತ್ತನೆಯ ಪ್ಲಾಸ್ಟಿಕ್ ಎಳೆಗಳು ಜಾರಿ ಹೋದವು, ಒಂದೂ ಕದಲಲಿಲ್ಲ. ಒತ್ತಿ ಗುಡಿಸಿದಾಗ ತಿರುಪು ಸಡಿಲವಾಗಿ ಬ್ರಷ್ ಅಡ್ಡಡ್ಡ ತಿರುಗತೊಡಗಿತು. ಬೆವರಿದ ಕೈಯಲ್ಲಿ ನುಣುಪು ಕೊಳವೆ ನಿಲ್ಲಲಿಲ್ಲ, ಅದನ್ನು ಹಿಡಿದಿಡಲೆಂದೇ ಮುಷ್ಟಿ ಬಿಗಿಯಬೇಕಾಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೆಂಗಸು ನಗಲಿಲ್ಲ, ನನ್ನ ಮೇಲೆ ಅಷ್ಟು ಕರುಣೆ ತೋರಿದರು; "ಇದು ಗುಡಿಸಕ್ಕಿಲ್ಲ ಸಾರ್, ಸವರ್ತದೆ" ಎಂದಷ್ಟೇ ಹೇಳಿದರು.

ಆಕೆಯ ಆ ಒಂದು ಮಾತಿನಲ್ಲಿ ಟೆಂಡರಿನ ತಾಂತ್ರಿಕ ವಿವರಣೆಯಲ್ಲಿ ಇರಬೇಕಾಗಿದ್ದ, ಆದರೆ ಇರದಿದ್ದ ಅಂಶ ಇತ್ತು. ತೆಂಗಿನ ಕಡ್ಡಿ ಬುಡದಲ್ಲಿ ಗಡುಸು, ತುದಿಯಲ್ಲಿ ಬಳುಕು. ರಸ್ತೆಯ ಬಿರುಕಿಗೂ ಇಳಿಯುತ್ತದೆ, ಒದ್ದೆ ಎಲೆಯನ್ನೂ ಎಬ್ಬಿಸುತ್ತದೆ. ಅದನ್ನು ಬಿಟ್ಟುಕೊಡಲು ಅವರು ಒಪ್ಪದಿದ್ದುದು ಅಭ್ಯಾಸಬಲದಿಂದಲ್ಲ, ಅದು ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ. ಬೇಕಾಗಿದ್ದುದು ಅದೇ ಕಡ್ಡಿ, ಉದ್ದದ ಗಳಕ್ಕೆ. ಅಲ್ಲೂ ಒಂದು ಸೂಕ್ಷ್ಮವಿದೆ. ಕಡ್ಡಿಯ ಕಟ್ಟನ್ನು ಗಳಕ್ಕೆ ನೇರವಾಗಿ ಸಿಕ್ಕಿಸಿದರೆ ಬೆನ್ನು ನೆಟ್ಟಗೆ ಇಟ್ಟು ಗುಡಿಸುವಾಗ ಕಡ್ಡಿಯ ತುದಿಯಷ್ಟೇ ನೆಲಕ್ಕೆ ತಾಗುತ್ತದೆ, ಬೀಸಿನ ಅರ್ಧ ವ್ಯರ್ಥ. ಗಳಕ್ಕೆ ಓರೆಯಾಗಿ, ಕಡ್ಡಿಗಳನ್ನು ಸ್ವಲ್ಪ ಹರಡಿ ಕಟ್ಟಿದರೆ ಇಡೀ ಅಂಚು ನೆಲಕ್ಕೆ ಕೂರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ಅದೇ ಹೆಂಗಸು. ತಮ್ಮ ಬಿದಿರಿನ ಗಳದ ತುದಿಯನ್ನು ಮಚ್ಚಿನಿಂದ ಓರೆ ಹೆರೆದು ಹಾಗೆ ಕಟ್ಟಿಕೊಂಡಿದ್ದರು, ಹಿಡಿಯುವ ಎರಡು ಕಡೆ ಹಳೆಯ ಸೀರೆಯ ಬಟ್ಟೆ ಸುತ್ತಿದ್ದರು. ಆ ಗಳದ ಮೇಲ್ತುದಿ ಅವರ ಗದ್ದದ ಮಟ್ಟಕ್ಕೆ ಬರುತ್ತಿತ್ತು. ನನ್ನ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಇದನ್ನು ಪ್ರಾಜೆಕ್ಟ್ ಎಂದು ತಂದಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ. ಮೋರಿಯ ಅಂಚಿಗೆ, ನಿಲ್ಲಿಸಿದ ಕಾರುಗಳ ಅಡಿಗೆ ಮಾತ್ರ ಇನ್ನೊಂದು ಗಿಡ್ಡ ಪೊರಕೆ ಬೇಕೆಂದು ಅವರೇ ಹೇಳಿದರು. ಟೇಲರನ ಸಲಿಕೆ ಕೋಣೆಯ ತತ್ವವೂ ಅದೇ, ಆತನ ಹೆಸರು ಆಕೆಗೆ ಗೊತ್ತಿರಬೇಕಾಗಿಲ್ಲ.

ಗಳದ ಉದ್ದ ಎಲ್ಲರಿಗೂ ಒಂದೇ ಇಡಬಾರದು. 1950ರಲ್ಲಿ ಅಮೆರಿಕದ ವಾಯುಪಡೆಗಾಗಿ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ 4,063 ಪೈಲಟ್‌ಗಳ ಅಳತೆಗಳನ್ನು ಪರಿಶೀಲಿಸಿದ. ಎತ್ತರ, ಎದೆ, ತೋಳು ಇತ್ಯಾದಿ ಹತ್ತು ಅಳತೆಗಳಲ್ಲೂ ಸರಾಸರಿಯ ಆಸುಪಾಸಿನಲ್ಲಿದ್ದ ಪೈಲಟ್ ಒಬ್ಬನೂ ಸಿಗಲಿಲ್ಲ. ಸರಾಸರಿ ಮನುಷ್ಯನಿಗೆಂದು ರಚಿಸಿದ ಕಾಕ್‌ಪಿಟ್ ಯಾರಿಗೂ ಹೊಂದುವುದಿಲ್ಲ ಎಂದು ಮನಗಂಡ ಮೇಲೆ ವಾಯುಪಡೆ ಹೊಂದಿಸಿಕೊಳ್ಳಬಹುದಾದ ಆಸನಗಳತ್ತ ಹೊರಳಿತು. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆ.ಮೀ. ಅದಕ್ಕಿಂತ ಗಿಡ್ಡ, ಎತ್ತರದವರು ಸೇರಿ ಎಲ್ಲರಿಗೂ ಮೂರು ಉದ್ದದ ಗಳಗಳು ಸಾಕಾಗಬಹುದು. ಭಾರತೀಯರ ದೇಹದ ಅಳತೆಗಳ ವಿವರವಾದ ಸಂಗ್ರಹವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿದೆ, ತಮ್ಮ ಎಂಜಿನಿಯರುಗಳು ಮೊದಲಿನಿಂದ ಅಳೆಯುವ ತೊಂದರೆಯೂ ಇಲ್ಲ. ಕೈಗವಸಿನ ಕಥೆಯೂ ಇದೇ. ಒಂದೇ ಅಳತೆಯ, ಗಂಡಸಿನ ಕೈಗೆ ಮಾಡಿದ ಗವಸು ಹೆಂಗಸಿನ ಬೆರಳ ತುದಿಯಲ್ಲಿ ಒಂದಿಂಚು ಜೋಲುತ್ತದೆ. ಅದನ್ನು ತೊಟ್ಟು ಗಳ ಹಿಡಿಯಲು ಹೆಚ್ಚು ಬಿಗಿ ಬೇಕು, ರಸ್ತೆಗೆ ಅಂಟಿದ ಪ್ಲಾಸ್ಟಿಕ್ ಕವರನ್ನು ಎತ್ತಲು ಆಗುವುದೇ ಇಲ್ಲ. ಹಾಗಾಗಿ ಅವರು ಅದನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ತಪಾಸಣೆಗೆ ಯಾರಾದರೂ ಬಂದಾಗ ತೊಡುತ್ತಾರೆ, ನಾವು ಫೋಟೊ ತೆಗೆದುಕೊಳ್ಳುತ್ತೇವೆ.

ಪೊರಕೆಯ ನಂತರದ್ದು ಆಟೊ ಟಿಪ್ಪರ್. ನಮ್ಮ ಬೀದಿಗೆ ಬರುವ ಟಿಪ್ಪರಿನ ಪಕ್ಕದ ಅಂಚನ್ನು ಚಾಲಕನ ಅನುಮತಿ ಪಡೆದು ಪಟ್ಟಿ ಹಿಡಿದು ಅಳೆದೆ: ನೆಲದಿಂದ 148 ಸೆ.ಮೀ. 152 ಸೆ.ಮೀ. ಎತ್ತರದ ಹೆಂಗಸಿಗೆ ಅದು ಕಣ್ಣಿನ ಮಟ್ಟಕ್ಕಿಂತ ಮೇಲೆ. ಒಳಗೆ ಏನು ಬೀಳುತ್ತಿದೆ ಎಂದು ಕಾಣುವುದಿಲ್ಲ, ಬಕೆಟ್ಟಿನಿಂದ ಸೋರಿದ್ದು ಮುಖಕ್ಕೇ ಬರುತ್ತದೆ. ಎತ್ತುವ ಕೆಲಸಕ್ಕೆ, ದುಡಿಯುವವರ ಸುರಕ್ಷತೆ ಮತ್ತು ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ 1991ರಲ್ಲಿ ಪರಿಷ್ಕರಿಸಿದ ಒಂದು ಸೂತ್ರವಿದೆ, ಲೋಕದ ಎಲ್ಲೆಡೆ ಬಳಕೆಯಲ್ಲಿರುವಂಥದ್ದು. ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಮಿತಿ 23 ಕೆ.ಜಿ. ಎಂದು ಹಿಡಿದು, ಪ್ರತಿ ಅನನುಕೂಲಕ್ಕೂ ಅದನ್ನು ಇಳಿಸುತ್ತ ಹೋಗುವುದು ಅದರ ಕ್ರಮ. ಬಕೆಟ್ ಮೈಯಿಂದ 40 ಸೆ.ಮೀ. ದೂರದಲ್ಲಿದೆ, ಕೈಗಳು 150 ಸೆ.ಮೀ. ಎತ್ತರಕ್ಕೆ ಏರಬೇಕು ಎಂಬ ಎರಡೇ ಕಾರಣಗಳಿಗೆ 23 ಎಂಬುದು 11ಕ್ಕೆ ಇಳಿಯುತ್ತದೆ. ಮೊಣಕಾಲ ಮಟ್ಟದಿಂದ ಒಂದು ಮೀಟರ್ ಎತ್ತಬೇಕು ಎಂಬುದನ್ನೂ ಸೇರಿಸಿದರೆ 10ಕ್ಕಿಂತ ಕೆಳಗೆ ಬರುತ್ತದೆ. ನಿಮಿಷಕ್ಕೆ ಎಷ್ಟು ಸಲ, ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಡುಗೆಮನೆಯ ಹಸಿ ಕಸ ತುಂಬಿದ 20 ಲೀಟರಿನ ಬಕೆಟ್ ಸುಲಭವಾಗಿ 10 ಕೆ.ಜಿ. ಮುಟ್ಟುತ್ತದೆ. ಟಿಪ್ಪರಿನ ಪಕ್ಕಕ್ಕೆ ಮಡಚಬಹುದಾದ ಒಂದು ಕಬ್ಬಿಣದ ಮೆಟ್ಟಿಲು, ಇಲ್ಲವೇ ಮೊಣಕೈ ಮಟ್ಟದಲ್ಲಿ, ಅಂದರೆ 95 ಸೆ.ಮೀ. ಆಸುಪಾಸಿನಲ್ಲಿ ತೆರೆದುಕೊಳ್ಳುವ ಒಂದು ಕಿರುಬಾಗಿಲು ಮಾಡಿಸಲು ಊರಿನ ಯಾವುದೇ ವೆಲ್ಡಿಂಗ್ ಅಂಗಡಿ ಸಾಕು.

ತಳ್ಳುಗಾಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚಕ್ರ ದೊಡ್ಡದಿದ್ದಷ್ಟೂ ಹಳ್ಳ ದಾಟುವುದು ಸುಲಭ, ಬೇರಿಂಗಿಗೆ ತಿಂಗಳಿಗೊಮ್ಮೆ ಗ್ರೀಸ್ ಬೇಕು. ಇದು ಸೋಡಾ ಗಾಡಿ ತಳ್ಳುವವರಿಗೂ ಗೊತ್ತಿರುವ ವಿಷಯ.

ವರ್ಷಕ್ಕೊಮ್ಮೆ ತಾವು ನಡೆಸುವ ಆರೋಗ್ಯ ತಪಾಸಣಾ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ, ನೋವೆಂದರೆ ಮಾತ್ರೆ ಕೊಡುತ್ತಾರೆ. ದುಡಿಮೆಯಿಂದ ಬರುವ ಕಾಯಿಲೆಗಳ ವಿಷಯದಲ್ಲಿ ಮೊದಲ ಸಮಗ್ರ ಗ್ರಂಥವನ್ನು 1700ರಲ್ಲಿ ಪ್ರಕಟಿಸಿದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿಗೆ ಆ ಆಸಕ್ತಿ ಹುಟ್ಟಿಸಿದವನು ಮೊದೆನಾ ಊರಿನಲ್ಲಿ ಅವರ ಮನೆಯ ಮಲಗುಂಡಿ ತೆಗೆಯಲು ಬಂದಿದ್ದ ಒಬ್ಬ ಕೆಲಸಗಾರ. ಏಕೆ ಇಷ್ಟು ಅವಸರ ಎಂದು ಕೇಳಿದ್ದಕ್ಕೆ, ಇದರೊಳಗೆ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆ ಎಂದು ಆತ ಹೇಳಿದ. ಅಂದಿನಿಂದ ರಾಮಾಝಿನಿ, ವೈದ್ಯರು ರೋಗಿಗೆ ಕೇಳುವ ಪ್ರಶ್ನೆಗಳ ಜೊತೆಗೆ ನಿನ್ನ ಕಸುಬು ಯಾವುದು ಎಂಬುದನ್ನೂ ಸೇರಿಸಬೇಕು ಎಂದರು. ತಮ್ಮ ಶಿಬಿರದ ನಮೂನೆಯಲ್ಲಿ ಇನ್ನೆರಡು ಸಾಲು ಸೇರಿಸಲು ಖರ್ಚಿಲ್ಲ: ಮೈಯ ಯಾವ ಭಾಗ ನೋಯುತ್ತದೆ, ಯಾವ ಕೆಲಸ ಮಾಡುವಾಗ. ಒಂದೇ ವರ್ಷದಲ್ಲಿ ಪೊರಕೆಯವರ ಸೊಂಟ, ಟಿಪ್ಪರಿನವರ ಭುಜ, ಗಾಡಿಯವರ ಮಣಿಕಟ್ಟು ಹೇಗಿವೆ ಎಂಬುದು ಬೇರೆ ಬೇರೆಯಾಗಿ ತಮ್ಮ ಮೇಜಿನ ಮೇಲಿರುತ್ತದೆ.

ಈ ನಾಡಿಗೆ ಇದು ಹೊಸ ದಾರಿಯೇನಲ್ಲ. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಲ್ಲಿಸಿದರು. ಅದು ಘನತೆಯ ಪ್ರಶ್ನೆಯಾಗಿತ್ತು, ಜೊತೆಗೆ ಹೊರೆ ಮೈಯ ಯಾವ ಭಾಗದ ಮೇಲೆ ಇರಬೇಕು, ಇರಬಾರದು ಎಂಬ ನಿರ್ಧಾರವೂ ಆಗಿತ್ತು. ಪೌರಕಾರ್ಮಿಕರ ಸ್ಥಿತಿಗತಿಯ ಅಧ್ಯಯನಕ್ಕೆಂದು ಅದೇ ದಶಕದಲ್ಲಿ ನೇಮಿಸಿದ್ದ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನರಿಗೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದು ಹೇಳಿತು. ಒಬ್ಬರ ಪಾಲಿಗೆ ಎಷ್ಟು ರಸ್ತೆ ಎಂಬುದು ಕೂಡ ನಾನು ಹೇಳುತ್ತಿರುವ ಶಾಸ್ತ್ರದ ವಿಷಯವೇ, ಪೊರಕೆ ಎಷ್ಟೇ ಚೆನ್ನಾಗಿದ್ದರೂ ಇಬ್ಬರ ರಸ್ತೆಯನ್ನು ಒಬ್ಬರು ಗುಡಿಸಿದರೆ ಬೆನ್ನು ಉಳಿಯುವುದಿಲ್ಲ. 2022ರ ಜುಲೈಯಲ್ಲಿ ಕಾಯಂ ನೌಕರಿಗಾಗಿ ಪೌರಕಾರ್ಮಿಕರು ರಾಜ್ಯದಾದ್ಯಂತ ಮುಷ್ಕರ ಹೂಡಿದ ಮೇಲೆ ಕಾಯಮಾತಿಯ ಪ್ರಕ್ರಿಯೆಗೆ ವೇಗ ಬಂತು. ಕಾಯಂ ಆದವರು ಅರವತ್ತರವರೆಗೆ ದುಡಿಯಬೇಕು. ಅಲ್ಲಿಯವರೆಗೆ ಬೆನ್ನು ಬಾಳಬೇಕಲ್ಲ.

ನನ್ನ ಕೋರಿಕೆ ಖರೀದಿಯ ಕ್ರಮಕ್ಕೆ ಸಂಬಂಧಿಸಿದ್ದು. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ ನಮ್ಮಲ್ಲಿ 1999ರ ಕಾಯ್ದೆ ಇದೆ, ಟೆಂಡರಿನಲ್ಲಿ ಕಡಿಮೆ ದರದವರಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತು. ಆದರೆ ಕಡಿಮೆ ದರ ಯಾವ ಸಾಮಾನಿಗೆ ಎಂಬುದನ್ನು ತಾಂತ್ರಿಕ ವಿವರಣೆ ನಿರ್ಧರಿಸುತ್ತದೆ, ಆ ವಿವರಣೆಯನ್ನು ಬರೆಯುವವರು ತಾವು. ಅದನ್ನು ಬರೆಯುವ ಮುನ್ನ ಮಾದರಿಗಳನ್ನು ಒಂದು ವಾರ್ಡಿನ ಪೌರಕಾರ್ಮಿಕರ ಕೈಗೆ ಕನಿಷ್ಠ ಒಂದು ತಿಂಗಳು ಕೊಡಿ, ಮಳೆಗಾಲದ ದಿನಗಳೂ ಅದರಲ್ಲಿ ಬರಲಿ. ಅವರು ಒಪ್ಪಿದ್ದನ್ನು ಮಾತ್ರ ವಿವರಣೆಯಾಗಿ ಬರೆಯಿರಿ: ಕಡ್ಡಿಯ ಬಗೆ, ಕಟ್ಟುವ ಓರೆ, ಗಳದ ಮೂರು ಉದ್ದ, ಗವಸಿನ ಮೂರು ಅಳತೆ, ಟಿಪ್ಪರಿನ ಬಾಗಿಲ ಎತ್ತರ. ಖರೀದಿ ಸಮಿತಿಯಲ್ಲಿ ಗುಡಿಸುವವರೊಬ್ಬರು ಕೂರಲಿ, ಅವರ ಸಹಿಯಿಲ್ಲದೆ ಬಿಲ್ ಪಾವತಿಯಾಗದಿರಲಿ. ಕಡ್ಡಿ ಎಷ್ಟು ಸವೆದರೆ ಪೊರಕೆ ಬದಲಿಸಬೇಕು ಎಂಬುದಕ್ಕೆ ಗಳದ ಮೇಲೇ ಒಂದು ಗುರುತಿರಲಿ, ದಿನಾಂಕ ನೋಡಿ ಕೊಡುವ ಪದ್ಧತಿ ಬೇಡ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಯಂದು ತಾವು ಶಾಲು ಹೊದಿಸುತ್ತೀರಿ. ಅಳತೆ ತೆಗೆಯದೆ ಕೊಡಬಹುದಾದ ಬಟ್ಟೆ ಅದೊಂದೇ ಎಂಬುದನ್ನು ಸ್ವಲ್ಪ ಕಹಿಯಿಂದಲೇ ಹೇಳುತ್ತಿದ್ದೇನೆ, ಕ್ಷಮೆಯಿರಲಿ.

ಯಂತ್ರದಿಂದ ಗುಡಿಸುವ ವಾಹನಗಳು ಬರುತ್ತಿರುವಾಗ ಪೊರಕೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಆ ವಾಹನ ಹೆದ್ದಾರಿಯಲ್ಲಿ ಚೆನ್ನಾಗಿ ಓಡುತ್ತದೆ. ಎರಡೂ ಬದಿ ಸ್ಕೂಟರ್ ನಿಲ್ಲಿಸಿದ ನಮ್ಮ ಬೀದಿಯ ಮೋರಿಯ ಅಂಚಿಗೆ, ಒಡೆದ ಕಾಲುದಾರಿಯ ಕಲ್ಲುಗಳ ಸಂದಿಗೆ ಅದು ಬರುವುದಿಲ್ಲ, ಅಲ್ಲಿಗೆ ಕಡ್ಡಿಯೇ ಬೇಕು.

ನನ್ನ ಬಳಿ ಅಳತೆ ಪಟ್ಟಿ, ಕೊಂಡಿ ತಕ್ಕಡಿ, ಕಾಲೇಜಿನಿಂದ ಬರುವಾಗ ಕೊಂಡ ಒಂದು ಕೋನಮಾಪಕ ಇವೆ, ಬೆಳಗಿನ ಹೊತ್ತು ಬೇರೆ ಕೆಲಸವಿಲ್ಲ. ಕರೆದರೆ ಹಾಜರಿ ತೆಗೆಯುವ ಜಾಗಕ್ಕೆ ಆ ಹೊತ್ತಿಗೇ ಬರುತ್ತೇನೆ, ಸಂಭಾವನೆ ಬೇಡ. ತಮ್ಮ ಕಡೆಯಿಂದ ಒಬ್ಬ ಎಂಜಿನಿಯರ್ ಮತ್ತು ಉಗ್ರಾಣದವರು ಬಂದರೆ ಸಾಕು. ಬರುವಾಗ ಮೂಲೆಯಲ್ಲಿ ಒರಗಿಸಿಟ್ಟಿರುವ ಅಲ್ಯೂಮಿನಿಯಂ ಕೊಳವೆಗಳೇನಾದರೂ ಇದ್ದರೆ ಅವನ್ನೂ ತರಲು ಹೇಳಿ. ಪ್ಲಾಸ್ಟಿಕ್ ಬ್ರಷ್ ಬಿಚ್ಚಿ, ತುದಿಯನ್ನು ಓರೆ ಕೊಯ್ದು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದರೆ ಕಡ್ಡಿ ಕಟ್ಟಲು ಬರುತ್ತವೆಯೋ ಏನೋ ನೋಡೋಣ. ಕಟ್ಟುವುದು ಹೇಗೆಂದು ತೋರಿಸುವವರು ಅಲ್ಲಿಯೇ ಇರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಯಂತ್ರಶಾಸ್ತ್ರ ಉಪನ್ಯಾಸಕ